ಎರಡು ಬಕೆಟ್ ಸಾಂಬಾರು

ಹೋಟೆಲಿನ ವಿಷಯಕ್ಕೆ ಬರುವ ಮೊದಲು ನನ್ನ ನಾಲಗೆಯ ಊರು ಯಾವುದೆಂದು ಹೇಳಿಬಿಡುತ್ತೇನೆ. ಹುಟ್ಟಿ ಬೆಳೆದದ್ದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ. ರಾಗಿಮುದ್ದೆ, ಹುರುಳಿಕಟ್ಟಿನ ಸಾರು, ಕಡಲೆಕಾಯಿ ಎಣ್ಣೆಯ ಒಗ್ಗರಣೆ. 1993ರಲ್ಲಿ ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಗೆ ಬಂದೆ. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಇಪ್ಪತ್ತಮೂರು ವರ್ಷ ಆ ಊಟ, ಮೂವತ್ತಕ್ಕೂ ಹೆಚ್ಚು ವರ್ಷ ಈ ಊಟ. ಮೊಬೈಲಿನಲ್ಲಿ ಹೋಟೆಲುಗಳಿಗೆ ನಕ್ಷತ್ರ ಹಂಚುವವರು ತಮ್ಮ ಬಗ್ಗೆ ಇಷ್ಟನ್ನಾದರೂ ಮೊದಲು ಹೇಳಿದ್ದರೆ ನಾನು ಎಷ್ಟೋ ಕಡೆ ದುಡ್ಡು ಕೊಟ್ಟು ಹಸಿದು ಬರುತ್ತಿರಲಿಲ್ಲ.

ಹೋಟೆಲು ಇರುವುದು ಬದಿಯಡ್ಕ ಪೇಟೆ ದಾಟಿ ಕುಂಬಳೆಯ ಕಡೆಗೆ ಹೋಗುವ ದಾರಿಯಲ್ಲಿ. ಬೋರ್ಡಿನ ಬಣ್ಣವನ್ನು ಮಳೆ ತೊಳೆದುಬಿಟ್ಟಿದೆ. ಉಳಿದಿರುವುದು ಎರಡೇ ಅಕ್ಷರ, ಒಂದು ಕನ್ನಡದ್ದು, ಇನ್ನೊಂದು ಮಲಯಾಳದ್ದು. ದಾರಿ ಕೇಳಿದರೆ ಯಾರೂ ಹೆಸರು ಹೇಳುವುದಿಲ್ಲ, ‘ಹಲಸಿನ ಮರದ ಅಡಿಯದ್ದು’ ಎನ್ನುತ್ತಾರೆ. ಎಂಟು ಮೇಜು. ಮಧ್ಯಾಹ್ನದ ಊಟ ಮಾತ್ರ, ಅದೂ ಸಸ್ಯಾಹಾರ. ಬಾಳೆಲೆಯ ಮೇಲೆ 80 ರೂಪಾಯಿ. ಮೀನು ಬೇಕಾದವರು ರಸ್ತೆ ದಾಟಬೇಕು. ಕೈ ತೊಳೆಯುವ ನಳ್ಳಿ ನಾನು ಹೋದ ಮೂರು ಸಲವೂ ಸೋರುತ್ತಿತ್ತು; ಅದರ ಅಡಿಯಲ್ಲಿ ಇಟ್ಟಿರುವ ಬೋಗುಣಿಯನ್ನು ನೋಡಿದರೆ ಸರಿಪಡಿಸುವ ಉದ್ದೇಶ ಯಾರಿಗೂ ಇದ್ದಂತೆ ಕಾಣಲಿಲ್ಲ.

ಬಡಿಸುವ ಹುಡುಗ ಎರಡು ಕೈಯಲ್ಲಿ ಎರಡು ಸ್ಟೀಲ್ ಬಕೆಟ್ ಹಿಡಿದು ಬರುತ್ತಾನೆ. ಒಂದರ ಸೌಟಿನ ಹಿಡಿಗೆ ಕೆಂಪು ನೂಲು ಸುತ್ತಿದೆ. ‘ಸಾಂಬಾರಾ, ಕೊದ್ದೆಲಾ?’ ಎಂದು ಕೇಳುತ್ತಾನೆ. ಮೊದಲ ಸಲ ನಾನು ಎರಡೂ ಒಂದೇ ಅಲ್ಲವೇ ಎಂದುಕೊಂಡೆ. ತುಳುವಿನ ಕೊದ್ದೆಲ್ ಅಂದರೆ ನಮ್ಮ ಕಡೆಯ ಹುಳಿ, ಪೇಟೆಯ ಸಾಂಬಾರು. ಊಟ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತು ವಿಚಾರಿಸಿದೆ. ಮೇಷ್ಟರ ಕೆಲಸ ಬಿಟ್ಟರೂ ಪ್ರಶ್ನೆ ಕೇಳುವ ಚಟ ಬಿಟ್ಟಿಲ್ಲ. ಬೇಳೆ ಒಂದೇ, ಸೌತೆ, ಕುಂಬಳಕಾಯಿ, ನುಗ್ಗೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಹನ್ನೊಂದು ಗಂಟೆಗೆ ಅದನ್ನು ಎರಡು ಪಾತ್ರೆಗೆ ಸುರಿಯುತ್ತಾರೆ. ಒಂದು ಕೊದ್ದೆಲ್, ಅದಕ್ಕೆ ಅಚ್ಚು ಬೆಲ್ಲದ ದೊಡ್ಡ ಚೂರು, ಬ್ಯಾಡಗಿ ಮೆಣಸಿನ ಬಣ್ಣದ ಮಸಾಲೆ, ಸಾಸಿವೆಯ ಒಗ್ಗರಣೆ. ಇನ್ನೊಂದು ಸಾಂಬಾರು, ಅದಕ್ಕೆ ಬೆಲ್ಲದ ಸುಳಿವೇ ಇಲ್ಲ. ಕಂದುಬಣ್ಣಕ್ಕೆ ಹುರಿದು ಅರೆದ ತೆಂಗಿನತುರಿ, ಧಾರಾಳ ಇಂಗು, ತೆಂಗಿನೆಣ್ಣೆಯಲ್ಲಿ ಚಟಪಟ ಸಿಡಿಸಿದ ಕರಿಬೇವು. ರಾಜ್ಯ ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಈ ಅಡುಗೆಮನೆಯಲ್ಲಿ ಆ ವಿಂಗಡಣೆ ದಿನಾ ಹನ್ನೊಂದು ಗಂಟೆಗೆ ನಡೆಯುತ್ತದೆ, ಯಾರೂ ಚಳವಳಿ ಮಾಡುವುದಿಲ್ಲ.

ನಾನು ಎರಡನ್ನೂ ಹಾಕಿಸಿಕೊಂಡೆ. ಕೊದ್ದೆಲ್ ಚೆನ್ನಾಗಿತ್ತು, ಬೆಲ್ಲ ಮುಂದೆ ಬಂದು ನಿಲ್ಲದೆ ಹುಳಿಯ ಹಿಂದೆ ಕುಳಿತಿತ್ತು. ಸಾಂಬಾರು ಅದಕ್ಕಿಂತ ಒಂದು ಕೂದಲೆಳೆ ಮೇಲು. ಹೀಗೆ ಬರೆಯುವಾಗಲೇ ನನಗೆ ನಗು ಬರುತ್ತಿದೆ. 1993ರ ನನಗೆ ಈ ಸಾಂಬಾರನ್ನು ಬಡಿಸಿದ್ದರೆ ಎಲೆ ಮಡಿಸಿ ಎದ್ದುಬಿಡುತ್ತಿದ್ದೆ.

ಕಾರಣ ತೆಂಗಿನೆಣ್ಣೆ. ನಮ್ಮ ಕಡೆ ತೆಂಗಿನಮರಗಳಿಗೆ ಬರವಿಲ್ಲ, ಆದರೆ ಕೊಬ್ಬರಿ ಎಣ್ಣೆ ಇದ್ದದ್ದು ಬಚ್ಚಲಮನೆಯ ಗೂಡಿನಲ್ಲಿ, ಬಾಚಣಿಗೆಯ ಪಕ್ಕದಲ್ಲಿ. ಭಾನುವಾರ ಅಮ್ಮ ನೆತ್ತಿಗೆ ತಟ್ಟುವ ಎಣ್ಣೆ ಅದು. ಮದುವೆಯಾದ ಮೂರನೆಯ ದಿನ ಅತ್ತೆ ಹಲಸಿನ ಹಪ್ಪಳ ಕರಿದು ತಂದಿಟ್ಟರು. ಇಡೀ ಮನೆ ಆ ಹೊಗೆಯಲ್ಲಿ ಸಂಭ್ರಮಿಸುತ್ತಿತ್ತು. ನನಗೆ ಮಾತ್ರ ಯಾರದೋ ತಲೆಕೂದಲು ಬಾಯಿಗೆ ಬಂದಂತೆ. ಒಂದು ಚೂರು ಮುರಿದು ಅಗಿದೆ, ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ನಾಯಿಗೆ ಹಾಕಿದೆ. ನಾಯಿ ಕುರುಕುರು ತಿಂದಿತು. ಅದು ಈ ಊರಿನದೇ ನಾಯಿ. ಒಂದೇ ಎಣ್ಣೆ, ಅತ್ತೆಗೆ ಪರಿಮಳ, ನನಗೆ ವಾಸನೆ. ಊರಿಗೆ ಬರೆದ ಮೊದಲ ಪತ್ರದಲ್ಲಿ ‘ಇಲ್ಲಿ ಎಲ್ಲದಕ್ಕೂ ಕಮಟು’ ಎಂದು ಬರೆದಿದ್ದೆ. ಅದು ಕಮಟಾಗಿರಲಿಲ್ಲ, ಹಿಂದಿನ ದಿನ ಗಾಣದಿಂದ ತಂದ ತಾಜಾ ಎಣ್ಣೆ ಎಂದು ಈಗ ಗೊತ್ತು.

ಅತ್ತೆಯ ಸರದಿ ಆ ವರ್ಷದ ಡಿಸೆಂಬರಿನಲ್ಲಿ ಬಂತು. ನಮ್ಮ ತವರಿಗೆ ಬಂದಿದ್ದರು. ಅವರೆಕಾಯಿಯ ಕಾಲ. ಅಮ್ಮ ಸೊಗಡಿನ ಅವರೆಯನ್ನೇ ಹುಡುಕಿ ತರಿಸಿದ್ದಳು. ಸೊಗಡು ಇಲ್ಲದಿದ್ದರೆ ಅದನ್ನು ಅವರೆ ಎಂದು ಯಾರು ಕರೆಯುತ್ತಾರೆ, ಇಬ್ಬನಿ ಬಿದ್ದ ಕಾಯಿಯನ್ನು ಸಂತೆಯಲ್ಲಿ ಮೂಗಿಗೆ ಹಿಡಿದು ನೋಡಿಯೇ ಕೊಳ್ಳುವುದು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬಹಳ ಮರ್ಯಾದೆಯಿಂದ ಕೇಳಿದರು: ‘ಇಲ್ಲಿ ಎಲ್ಲಿಯೋ ತಿಗಣೆ ಉಂಟೋ ಏನೋ?’ ನನ್ನ ಅಮ್ಮ ಆ ಮಾತನ್ನು ಸಾಯುವ ತನಕ ಮರೆಯಲಿಲ್ಲ.

ಇಂಗಿನ ಕಥೆಯೂ ಇದೇ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುವವರು ನಾವು. ಅದೇ ಇಂಗಿಗೆ ಜರ್ಮನರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಸೈತಾನನ ಹೇಲು’ ಎಂದಾಗುತ್ತದೆ. ಗಂಧಕದ ಸಂಯುಕ್ತಗಳಿಂದ ಬರುವ ನಾತ ಅದು, ಅವರದು ಸುಳ್ಳು ಆರೋಪವಲ್ಲ. ಆದರೆ ಬಿಸಿ ಎಣ್ಣೆಗೆ ಬಿದ್ದ ಮೇಲೆ ನಮ್ಮ ಮೂಗಿಗೆ ಅದು ಹಬ್ಬದ ದಿನದ ಅಡುಗೆಮನೆ. ಅವರ ಮೂಗಿಗೆ ಅಂಥ ಹಬ್ಬದ ನೆನಪಿಲ್ಲ.

ಇಲ್ಲೊಂದು ತಪ್ಪೊಪ್ಪಿಗೆ. ಇಪ್ಪತ್ತು ವರ್ಷ ನಾನು ಕಪ್ಪುಹಲಗೆಯ ಮೇಲೆ ನಾಲಗೆಯ ಚಿತ್ರ ಬರೆದು, ತುದಿಯಲ್ಲಿ ಸಿಹಿ, ಅಂಚುಗಳಲ್ಲಿ ಉಪ್ಪು ಮತ್ತು ಹುಳಿ, ಬುಡದಲ್ಲಿ ಕಹಿ ಎಂದು ಭಾಗ ಮಾಡಿ ತೋರಿಸಿದೆ. ಪರೀಕ್ಷೆಗೂ ಕೇಳಿದೆ, ಅಂಕವನ್ನೂ ಕತ್ತರಿಸಿದೆ. ಆ ನಕ್ಷೆಯೇ ತಪ್ಪು. 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ಎಂಬಾತ ನಾಲಗೆಯ ಬೇರೆಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಸಣ್ಣ ವ್ಯತ್ಯಾಸಗಳಿವೆ ಎಂದಷ್ಟೇ ತೋರಿಸಿದ್ದ. ಮುಂದೆ ಬಂದವರು ಅದನ್ನು ಗಡಿರೇಖೆಗಳನ್ನಾಗಿ ಮಾಡಿಬಿಟ್ಟರು. ರುಚಿಮೊಗ್ಗು ಇರುವ ಕಡೆಯಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಗಡಿ ಇಲ್ಲದ ಕಡೆ ಗಡಿ ಎಳೆದು ಮಕ್ಕಳ ಅಂಕ ಕತ್ತರಿಸಿದ ಪಾಪ, ಅದೂ ಕಾಸರಗೋಡಿನಲ್ಲಿ ಕುಳಿತು, ನನ್ನದು.

ತರಗತಿಯಲ್ಲಿ ಮಾಡಿಸಿದ ಒಂದು ಪ್ರಯೋಗವನ್ನು ಮಾತ್ರ ಇಂದಿಗೂ ನಂಬುತ್ತೇನೆ. ಏಲಕ್ಕಿ ಹಾಕಿದ ಮಿಠಾಯಿಯನ್ನು ಮೂಗು ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳಬೇಕು. ಬರೀ ಸಕ್ಕರೆ. ಮೂಗು ಬಿಟ್ಟ ತಕ್ಷಣ ಏಲಕ್ಕಿ ಬಂದು ಕುಳಿತುಕೊಳ್ಳುತ್ತದೆ. ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಗಾಳಿಯೇ ರುಚಿಯ ದೊಡ್ಡ ಪಾಲನ್ನು ಹೊತ್ತು ತರುತ್ತದೆ. ಮೂಗು ಹೊತ್ತು ತಂದದ್ದನ್ನು ಬಚ್ಚಲಮನೆಯ ಗೂಡಿನಲ್ಲಿಡಬೇಕೋ ಅಡುಗೆಮನೆಯಲ್ಲಿಡಬೇಕೋ ಎಂದು ತೀರ್ಮಾನಿಸುವುದು ಮಾತ್ರ ನಾವು ಬೆಳೆದ ಮನೆ.

ಎರಡನೆಯ ಸಲ ತಮ್ಮನನ್ನು ಕರೆದುಕೊಂಡು ಹೋದೆ. ಊರಿನಿಂದ ಅಡಿಕೆ ಸಸಿ ನೋಡಲು ಬಂದಿದ್ದ. ಕುಳಿತ ಕೂಡಲೇ ಲೋಟದ ನೀರನ್ನು ಬೆಳಕಿಗೆ ಹಿಡಿದ. ತೆಳು ಗುಲಾಬಿ ಬಣ್ಣ. ‘ಪೈಪು ತುಕ್ಕು ಹಿಡಿದಿದೆ’ ಎಂದ. ಅದು ಪತಿಮುಖಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು, ಕೇರಳದ ಹೋಟೆಲುಗಳಲ್ಲಿ ಸಾಮಾನ್ಯ ಎಂದು ವಿವರಿಸಿದೆ. ತಲೆಯಾಡಿಸಿದ, ಕುಡಿಯಲಿಲ್ಲ. ಬಾಟಲಿ ನೀರು ತರಿಸಿದ, 20 ರೂಪಾಯಿ. ಆಮೇಲೆ ಅನ್ನ. ಇಲ್ಲಿ ಕುಚ್ಚಲಕ್ಕಿ ಬಡಿಸುತ್ತಾರೆ, ಬೇಕೆಂದರೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನವೂ ಉಂಟು. ಕುಚ್ಚಲಕ್ಕಿ ಎಂದರೆ ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡಿದ್ದು. ಕಾಳು ಕೆಂಪು, ಗುಂಡು, ಒಂದಕ್ಕೊಂದು ಅಂಟುವುದಿಲ್ಲ. ತಮ್ಮ ಒಂದು ತುತ್ತು ಅಗಿದು, ಇನ್ನೂ ಅಗಿದು, ‘ಬೆಂದಿಲ್ಲ’ ಎಂದ. ಬೆಂದಿತ್ತು, ಎರಡು ಸಲ ಬೆಂದಿತ್ತು. ಮುದ್ದೆ ನುಂಗಿ ಬೆಳೆದವನಿಗೆ ಅಗಿಯುವುದೇ ಒಂದು ಸಿಟ್ಟು. ನಾವು ಮುದ್ದೆಯನ್ನು ಅಗಿಯುವವರನ್ನು ನೋಡಿ ನಗುತ್ತಿದ್ದೆವು; ಇಲ್ಲಿನವರು ಬೆಳ್ತಿಗೆ ಅನ್ನವನ್ನು ನೋಡಿ ‘ಹೊಟ್ಟೆಯಲ್ಲಿ ನಿಲ್ಲುವುದಿಲ್ಲ’ ಎನ್ನುತ್ತಾರೆ. ರುಚಿಗಿಂತ ಮೊದಲು ಹಲ್ಲು ಜಗಳ ತೆಗೆಯುತ್ತದೆ.

ಕೊದ್ದೆಲ್ ಅವನಿಗೆ ಪಾಯಸ. ಸಾಂಬಾರು ಅವನಿಗೆ, ನಾನು ನಿರೀಕ್ಷಿಸಿದ್ದಂತೆಯೇ, ತಲೆಗೆ ಹಚ್ಚುವ ಎಣ್ಣೆ. ಪಾಪ ಹುಡುಗ ಎರಡು ಬಕೆಟನ್ನೂ ಹಿಡಿದುಕೊಂಡು ನಿಂತೇ ಇದ್ದ. ತಮ್ಮ ಕೊನೆಗೆ ಉಪ್ಪಿನಕಾಯಿ, ಮಜ್ಜಿಗೆಯಲ್ಲಿ ಊಟ ಮುಗಿಸಿದ. ಆದರೆ ಅನಾನಸಿನ ಮೆಣಸ್ಕಾಯಿಯನ್ನು ಮಾತ್ರ ಮೂರು ಸಲ ಹಾಕಿಸಿಕೊಂಡ! ಸಿಹಿ, ಹುಳಿ, ಖಾರ ಮೂರೂ ಒಟ್ಟಿಗೆ ಇರುವ ಪದಾರ್ಥ. ಎಳ್ಳು ಹುರಿದು ಅರೆದು ಹಾಕಿದ್ದರು. ಕೊದ್ದೆಲಿನಲ್ಲಿ ಬೆಲ್ಲ ಕಂಡರೆ ಮುಖ ಸಿಂಡರಿಸಿದವನು ಇದರಲ್ಲಿ ಅದಕ್ಕಿಂತ ನಾಲ್ಕು ಪಟ್ಟು ಬೆಲ್ಲ ತಿಂದ. ಯಾಕೆಂದು ಕೇಳಿದರೆ ‘ಇದು ಗೊಜ್ಜು ತಾನೇ’ ಎಂದ. ಗೊಜ್ಜು ಸಿಹಿಯಾಗಿರಬಹುದು, ಹುಳಿ ಸಿಹಿಯಾಗಿರಬಾರದು. ಹೆಸರು ಬದಲಾದರೆ ನಾಲಗೆಯ ಕಾನೂನೂ ಬದಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಹೋಟೆಲಿನ ಅತ್ಯುತ್ತಮ ಪದಾರ್ಥ ಆ ಮೆಣಸ್ಕಾಯಿಯೇ. ಹಾಗಲಕಾಯಿಯದ್ದು ಮಾಡುವ ದಿನ ಹೋದರೆ ಇನ್ನೂ ಒಳ್ಳೆಯದು.

ಮೂರನೆಯ ಸಲ ಮಗಳು ಬಂದಿದ್ದಳು, ಜೊತೆಗೆ ಬೆಂಗಳೂರಿನಲ್ಲಿ ಅವಳೊಂದಿಗೆ ಕೆಲಸ ಮಾಡುವ ಎರ್ನಾಕುಳಂನ ಗೆಳತಿ. ಗೆಳತಿ ಗುಲಾಬಿ ನೀರನ್ನು ಒಂದೇ ಉಸಿರಿಗೆ ಕುಡಿದಳು. ಕುಚ್ಚಲಕ್ಕಿಯ ಬಗ್ಗೆ ಮಾತೇ ಇಲ್ಲ, ಅವಳ ಮನೆಯಲ್ಲೂ ಅದೇ ಜಾತಿಯ ಅನ್ನ. ಕೊದ್ದೆಲ್ ಒಂದು ಬೆರಳು ಚೀಪಿ ನನ್ನ ಮಗಳ ಕಡೆ ತಿರುಗಿ, ಇದಕ್ಕೆ ಸಕ್ಕರೆ ಯಾರು ಹಾಕಿದರು ಎಂದು ಮಲಯಾಳದಲ್ಲಿ ಕೇಳಿದಳು. ತಮಾಷೆ ಇರುವುದು ಮುಂದೆ. ಪಾಯಸ ಬಂದಾಗ ಅವಳು ಹಪ್ಪಳವನ್ನು ಅದರ ಮೇಲೆ ಪುಡಿಮಾಡಿ, ಒಂದು ಬಾಳೆಹಣ್ಣನ್ನು ಕಿವಿಚಿ, ಎಲ್ಲವನ್ನೂ ಕಲಸಿ ಎಲೆಯಿಂದಲೇ ಬಾಚಿ ತಿಂದಳು. ಸಾಂಬಾರಿಗೆ ಬೆಲ್ಲ ಬೀಳಬಾರದು, ಪಾಯಸಕ್ಕೆ ಉಪ್ಪಿನ ಹಪ್ಪಳ ಬೀಳಬಹುದು. ಪಕ್ಕದ ಮೇಜಿನ ಅಜ್ಜರೊಬ್ಬರು ಊಟ ನಿಲ್ಲಿಸಿ ನೋಡಿದರು. ನಾನೂ ಮಾಡಿ ನೋಡಿದೆ. ಕುರುಕಲು, ಉಪ್ಪು, ಸಿಹಿ: ಕೆಟ್ಟದ್ದೇನಲ್ಲ. ಪಾಯಸ ಚೆನ್ನಾಗಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಇಲ್ಲಿನ ಪಾಯಸದಲ್ಲಿ ಡಬ್ಬಿ ಹಾಲಿನ ಜಿಗುಟು, ಶ್ಯಾವಿಗೆ ಕರಗಿ ಅಂಟಾಗಿದೆ. ತೆಂಗಿನ ಹಾಲಿಗೆ ಬರವಿಲ್ಲದ ಊರಿನಲ್ಲಿ ಇದಕ್ಕೆ ಕ್ಷಮೆ ಇಲ್ಲ.

ಖಾರದ ಬಗ್ಗೆ ಆ ಹುಡುಗಿಯಿಂದ ಒಂದು ಮಾತು ಕಲಿತೆ. ಕಾಂತಾರಿ ಮೆಣಸಿನ ಚಟ್ನಿ ತಿಂದು ‘ಎರಿವು’ ಎಂದಳು. ನಾವು ಗಾಂಧಾರಿ ಎನ್ನುವುದು ಅದೇ ಮೆಣಸಿಗೆ. ಎರಿವು ಎಂದರೆ ಉರಿ. ನಮ್ಮ ‘ಖಾರ’ ಸಂಸ್ಕೃತದ ಕ್ಷಾರದಿಂದ ಬಂದದ್ದು. ಶರೀರವಿಜ್ಞಾನ ಮಲಯಾಳದ ಪರವಾಗಿದೆ: ಮೆಣಸಿನ ಕ್ಯಾಪ್ಸೈಸಿನ್ ತಟ್ಟುವುದು ರುಚಿಮೊಗ್ಗನ್ನಲ್ಲ, ಸುಡುವ ಬಿಸಿಯನ್ನು ಗುರುತಿಸುವ ನರತುದಿಯ ಗ್ರಾಹಕವನ್ನು. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಎಂದರೆ ಖಾರ ರುಚಿಯೇ ಅಲ್ಲ, ನೋವು. ಆ ನೋವನ್ನು ಮಕ್ಕಳು ಮೊದಲು ಅತ್ತು, ಆಮೇಲೆ ದೊಡ್ಡವರನ್ನು ನೋಡಿ ನೋಡಿ, ಕೊನೆಗೆ ತಾವೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಮೆಣಸಿನಕಾಯಿಯೇ ಪೋರ್ಚುಗೀಸರು ಬಂದ ಮೇಲೆ ಬಂದದ್ದು. ಅದಕ್ಕೆ ಮೊದಲು ನಮ್ಮ ಪೂರ್ವಜರು ಕಾಳುಮೆಣಸಿನಲ್ಲಿ ಕಣ್ಣೀರು ಹಾಕುತ್ತಿದ್ದರು.

ಮಗಳಿಗೆ ಎರಡು ಬಕೆಟ್ಟೂ ಒಂದೇ. ಯಾವುದು ಬಂದರೂ ಉಂಡಳು. ಅವಳು ಹುಟ್ಟಿದ್ದು 1996ರಲ್ಲಿ. ಬಸುರಿಯಾಗಿದ್ದಾಗ ನಾನು ಆಗಲೇ ಅತ್ತೆಯ ಕೈಯ ಊಟಕ್ಕೆ ಅರ್ಧ ಶರಣಾಗಿದ್ದೆ. ಏಳನೆಯ ತಿಂಗಳಿಗೆ ತವರಿಗೆ ಹೋದಾಗ ಅವರೆಸಾರು ಉಂಡೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲವು ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ, ಕೆಲವರಿಗೆ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿಸಿದರು, ಇನ್ನು ಕೆಲವರಿಗೆ ಬರೀ ನೀರು. ಮುಂದೆ ಕೂಸುಗಳಿಗೆ ಕ್ಯಾರೆಟ್ ರುಚಿಯ ಅಂಬಲಿ ಉಣಿಸಿದಾಗ, ರಸ ಕುಡಿದ ತಾಯಂದಿರ ಮಕ್ಕಳು ಕಡಿಮೆ ಮುಖ ಕಿವಿಚಿದವು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮಗಳು ಅಂಬೆಗಾಲಿಡುವಾಗಲೇ ಹಪ್ಪಳದ ಡಬ್ಬಿ ತೆರೆದ ಸದ್ದಿಗೆ ತಿರುಗುತ್ತಿದ್ದಳು.

ಹಾಗೆಂದು ಎಲ್ಲವನ್ನೂ ಊರಿನ ತಲೆಗೆ ಕಟ್ಟಲಾಗದು. ಅಂದು ಹಾಗಲಕಾಯಿ ಪಲ್ಯವೂ ಇತ್ತು. ಒಂದೇ ಮನೆಯಲ್ಲಿ, ಒಂದೇ ಬಟ್ಟಲಿನಿಂದ ಉಂಡು ಬೆಳೆದರೂ ನನ್ನ ಗಂಡ ಅದನ್ನು ಬೆಂಡೆಕಾಯಿಯಂತೆ ತಿನ್ನುತ್ತಾರೆ, ಅವರ ತಂಗಿ ಮುಟ್ಟುವುದಿಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನತಜ್ಞನ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತಂತೆ. ಪಕ್ಕದಲ್ಲಿದ್ದವನು ಕಹಿ ಎಂದು ದೂರಿದ, ಫಾಕ್ಸ್‌ಗೆ ಏನೂ ತಿಳಿಯಲಿಲ್ಲ. ಕೆಲವು ಕಹಿಗಳು ಕೆಲವರಿಗೆ ಹುಟ್ಟಿನಿಂದಲೇ ಕೇಳಿಸುವುದಿಲ್ಲ, ಅದು ವಂಶವಾಹಿಯ ಮಾತು. ನಾದಿನಿಯನ್ನು ಮೂವತ್ತು ವರ್ಷ ‘ನಖರೆ’ ಎಂದು ಬೈದದ್ದಕ್ಕೆ ಬಹುಶಃ ನಾವೆಲ್ಲ ಕ್ಷಮೆ ಕೇಳಬೇಕು. ನಾನಂತೂ ಕೇಳುವವಳಲ್ಲ.

ಮಳೆಗಾಲದಲ್ಲಿ ಹೋಗುವವರು ಉಪ್ಪುಸೊಳೆಯ ಪಲ್ಯ ಇದೆಯೇ ಎಂದು ವಿಚಾರಿಸಿ. ಬೇಸಗೆಯಲ್ಲಿ ಭರಣಿಗೆ ಉಪ್ಪಿನ ಜೊತೆ ತುಂಬಿಟ್ಟ ಹಲಸಿನ ಸೊಳೆಯನ್ನು ನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ತೆಂಗಿನತುರಿಯ ಜೊತೆ ಮಾಡಿದ್ದು. ಮೊದಲ ಸಲ ಮೂಗಿಗೆ ಹತ್ತಿರ ತಂದರೆ ಹಳೆಯ ಭರಣಿಯ ಮುಗ್ಗಲು ವಾಸನೆ ಬರುತ್ತದೆ, ಹೊಸಬರು ಹೆದರುತ್ತಾರೆ. ತಮ್ಮನಂಥವರಿಗೆ ಬಡಿಸುವಾಗ ಏನೆಂದು ಹೇಳದೆ ಬಡಿಸುವುದು ಒಳ್ಳೆಯದು. ನಾನು ಈ ಹೋಟೆಲಿಗೆ ಮತ್ತೆ ಹೋಗುವುದು ಹೆಚ್ಚಾಗಿ ಇದಕ್ಕಾಗಿ. ಅತ್ತೆ ಹೋದ ಮೇಲೆ ನಮ್ಮ ಮನೆಯಲ್ಲಿ ಭರಣಿ ತುಂಬುವವರಿಲ್ಲ. ನನಗೆ ಕೈಬರುವುದಿಲ್ಲ, ಎರಡು ಬೇಸಗೆ ಪ್ರಯತ್ನಿಸಿದೆ, ಎರಡು ಸಲವೂ ಹುಳ ಬಂತು.

ಸಾರು ನೀರು. ಅದನ್ನು ಬಿಟ್ಟುಬಿಡಿ. ಪಲ್ಯಗಳು ದಿನಕ್ಕೊಂದು, ಬುಧವಾರದ ಬಾಳೆದಿಂಡಿನದು ಚೆನ್ನಾಗಿತ್ತು, ಒಗರು ಪೂರ್ತಿ ಹೋಗದಂತೆ ಹದವಾಗಿ ಬೇಯಿಸಿದ್ದರು. ಒಂದೂವರೆ ಗಂಟೆಯ ಮೇಲೆ ಹೋದರೆ ಕೆಂಪು ನೂಲಿನ ಕೊದ್ದೆಲ್ ಬಕೆಟ್ ಖಾಲಿಯಾಗಿರುತ್ತದೆ, ಈ ಭಾಗದಲ್ಲಿ ಅದಕ್ಕೇ ಗಿರಾಕಿ ಹೆಚ್ಚು. ನೂರರ ನೋಟಿಗೆ ಚಿಲ್ಲರೆ ಕೊಡುವುದಿಲ್ಲ, ಬದಲಿಗೆ ಎರಡು ಕಡಲೆಮಿಠಾಯಿ ಕೈಗಿಡುತ್ತಾರೆ. ಬೇಡ ಎಂದು ಗಟ್ಟಿಯಾಗಿ ಹೇಳಿದರೆ ಡ್ರಾಯರಿನಿಂದ ಚಿಲ್ಲರೆ ಹೊರಬರುತ್ತದೆ. ಮಜ್ಜಿಗೆ ಊಟದಲ್ಲೇ ಸೇರಿದೆ, ಆದರೆ ಕೇಳಿದವರಿಗೆ ಮಾತ್ರ.